ಬಾಲದ ಗಾಡಿಯ ತಳ

ಸಾವಿರದ ಒಂಬೈನೂರ ನಲವತ್ತೇಳನೆಯ ಇಸವಿಯ ಆಷಾಢದಲ್ಲಿ, ದೇಶವನ್ನು ಯಾರ ಕೈಗೆ ಎಷ್ಟೆಷ್ಟು ಕೊಡುವುದೆಂದು ದೆಹಲಿಯಲ್ಲಿ ದೊಡ್ಡವರು ಕೂತು ಚರ್ಚಿಸುತ್ತಿದ್ದ ಹೊತ್ತಿನಲ್ಲಿ, ಹೊಸೂರಿಗೆ ಅಂಟಿಕೊಂಡ ಮತ್ತಿಗಿರಿಯಲ್ಲಿ ಅದಕ್ಕಿಂತ ಗಹನವಾದ, ಮುಂದಿನ ತಲೆಮಾರುಗಳು ಮರೆಯಬಾರದಂಥ ಒಂದು ಪ್ರಶ್ನೆ ಎದ್ದಿತ್ತು: ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಒಂದು ಗಾಡಿಯ ಹಲಗೆ ನೆಲದ ಅಡಿಗೆ ಹೋಗಿ ಅಂಗಾತ ಮಲಗುವವರು ಯಾರು? ಹಲಗೆಯ ಮೇಲೆ ಮಲಗುವವರು ಗೊತ್ತಾಗಿದ್ದರು. ಕ್ಯಾಪ್ಟನ್ ಚಿನ್ನಸ್ವಾಮಿ ಮಲಗುತ್ತಾರೆ, ಮದರಾಸಿನಿಂದ ಬರುವ ಅವರ ಸ್ನೇಹಿತರು ಮಲಗುತ್ತಾರೆ, ನಡುವೆ ಅವರ ಬಂದೂಕು ಮಲಗುತ್ತದೆ. ಅಡಿಯ ವಿಷಯ ಮಾತ್ರ ಇತ್ಯರ್ಥವಾಗಿರಲಿಲ್ಲ. ಕೊನೆಗೆ ಅಲ್ಲಿ ಹೋಗಿ ಮಲಗಿದವನು ಚೆನ್ನಕೇಶವ. ಕ್ಯಾಪ್ಟನ್ನರ ಗುಮಾಸ್ತ, ಮೂವತ್ತೆಂಟು ವಯಸ್ಸು, ಹೊಸೂರಿನಲ್ಲಿ ಹೈಸ್ಕೂಲು ಓದಿದವನು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಇರುವೆ ಹತ್ತಿದರೂ ಎದ್ದು ನಿಂತು ಕೊಡವಿಕೊಳ್ಳುವವನು. ಅವನೇ ಏಕೆ ಎಂಬುದಕ್ಕೆ ಊರಿನಲ್ಲಿ ಎಲ್ಲರಿಗೂ ಉತ್ತರ ಗೊತ್ತಿತ್ತು. ಆದ್ದರಿಂದ ಯಾರೂ ಕೇಳಲಿಲ್ಲ.

ಗಾಡಿ ಹುಟ್ಟಿದ್ದು ಒಂದು ಇಂಗ್ಲಿಷ್ ಪತ್ರಿಕೆಯ ಚಿತ್ರದಿಂದ. ಬರ್ಮಾದ ಯುದ್ಧ ಮುಗಿಸಿ ಬಂದ ಕ್ಯಾಪ್ಟನ್ನರು ಮತ್ತಿಗಿರಿಯ ಆಚೆ ಐವತ್ತು ಎಕರೆ ಕೊಂಡು ಕುದುರೆ ಹುಲ್ಲು ಬೆಳೆಸುತ್ತಿದ್ದರು. ಹುಲ್ಲು ತಾನಾಗಿ ಬೆಳೆಯುತ್ತಿದ್ದುದರಿಂದ ಅವರಿಗೆ ಬೇಕಾದಷ್ಟು ಬಿಡುವಿತ್ತು. ಮಿಲಿಟರಿಯ ಹಳೆ ಸಾಮಾನು ಹರಾಜಿನಲ್ಲಿ ಒಂದು ಜೀಪು, ಎರಡು ಬಿಡಿ ಚಕ್ರ, ಒಂದು ಅಚ್ಚು ಹಿಡಿದುಕೊಂಡು ಬಂದರು. ಆಚಾರಿ ಮುನಿವೆಂಕಟಪ್ಪನಿಗೆ ಚಿತ್ರ ತೋರಿಸಿ, ಜೀಪಿನ ಹಿಂದೆ ಕಟ್ಟಿ ಎಳೆಯುವಂಥ ಒಂದು ಪುಟ್ಟ ಮನೆ ಬೇಕು, ಕಾಡಿನಲ್ಲಿ ಎಲ್ಲಿ ನಿಲ್ಲಿಸಿದರೆ ಅಲ್ಲೇ ಬಿಡಾರ ಎಂದರು. ಮುನಿವೆಂಕಟಪ್ಪ ಚಿತ್ರವನ್ನು ಎರಡು ಸಲ ತಲೆಕೆಳಗು ಮಾಡಿ ನೋಡಿ, ಕೊನೆಗೆ ತನಗೆ ಗೊತ್ತಿದ್ದ ಎತ್ತಿನ ಗಾಡಿಗೆ ಗೋಡೆ ಎಬ್ಬಿಸಿ ತಗಡು ಹೊದಿಸಿ ಕೊಟ್ಟ. ಕ್ಯಾಪ್ಟನ್ನರು ಅದನ್ನು ಟ್ರೇಲರ್ ಎಂದರು, ಊರು ಬಾಲದ ಗಾಡಿ ಎಂದಿತು. ಮೊದಲ ಸವಾರಿಯಲ್ಲೇ, ಜವಳಗಿರಿಯ ಕಾಡಿನ ಹಳ್ಳ ದಾಟುವಾಗ, ಹಲಗೆಯ ಸಂದಿಗಳಿಂದ ನೀರು ಮೇಲೆದ್ದು ಹಾಸಿಗೆ, ಬ್ರೆಡ್ಡು, ಬಂದೂಕಿನ ತೋಟಾ ಎಲ್ಲವನ್ನೂ ನೆನೆಸಿತು. ತಿರುಗಿ ಬಂದ ಕ್ಯಾಪ್ಟನ್ನರು ಅಂಗಳದಲ್ಲಿ ನಿಂತು ಎಲ್ಲರ ಎದುರಿಗೂ ಹೇಳಿದ್ದು ಇಷ್ಟು: ಇದರ ಹೊಟ್ಟೆಗೆ ನೀರಿಳಿಯದ ಹಾಗೆ ಮಾಡುವವನು ಯಾರೇ ಆಗಲಿ, ಅವನನ್ನು ಗಾಡಿಯ ಆಳಾಗಿ ಕಾಯಂ ಇಟ್ಟುಕೊಳ್ಳುತ್ತೇನೆ, ಖಾಕಿ ಅಂಗಿ, ಶೆಡ್ಡಿನ ಪಕ್ಕದಲ್ಲಿ ಒಂದು ಕೋಣೆ. ನಂಗೆ ಒಬ್ಬ ಗೊತ್ತು ಸಾರ್ ಎಂದು ಚೆನ್ನಕೇಶವ ಹೇಳಿದ್ದ. ಕ್ಯಾಪ್ಟನ್ನರು ಆಗಲೇ ಜೀಪು ಹತ್ತಿ ಮದರಾಸಿನ ದಾರಿ ಹಿಡಿದಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಎಂಬ ಸಂಶಯವನ್ನು ಚೆನ್ನಕೇಶವ ಆಮೇಲೆ ಬಹಳ ಜೋಪಾನವಾಗಿ ಕಾಪಾಡಿಕೊಂಡ.

ಗೊತ್ತಿದ್ದವನು ದಾಸಪ್ಪ. ಅಂಚೆಟ್ಟಿಯ ಆಚೆ, ನಾಟ್ರಾಂಪಾಳ್ಯದ ಕಡೆಯವನು. ಚರ್ಮದ ಕೆಲಸದವರ ಕೇರಿಯವನು. ಕಾವೇರಿ ದಾಟುವ ಕಡವಿನಲ್ಲಿ ಇಪ್ಪತ್ತು ವರ್ಷ ಹರಿಗೋಲುಗಳ ತಳಕ್ಕೆ ತೊಗಲು ಹೊಲಿದು, ರಾಳ ಮೆತ್ತಿ, ನೀರನ್ನು ಹೊರಗೇ ನಿಲ್ಲಿಸಿದವನು. ಕಡವು ಬೇರೆಯವರ ಕೈಗೆ ಹೋದ ಮೇಲೆ ಹೆಂಡತಿ ಮಂಗಮ್ಮನನ್ನೂ ಒಂದು ಗಂಟನ್ನೂ ಕರೆದುಕೊಂಡು ಮತ್ತಿಗಿರಿಯ ಕೇರಿಯಲ್ಲಿ ಅವಳ ಅಣ್ಣನ ಮನೆಯ ಜಗಲಿ ಹಿಡಿದಿದ್ದ. ಚೆನ್ನಕೇಶವ ಹೋಗಿ ವಿಷಯ ಹೇಳಿದಾಗ ಅವನು ಕೂಲಿಯ ಮಾತೇ ಎತ್ತಲಿಲ್ಲ.

"ಕೂಲಿ ಕೊಟ್ರೂ ಸೈ, ಬುಟ್ರೂ ಸೈ ಸಾಮಿ. ದೊರೆ ಬಂದಾಗ ನನ್ನೆಸ್ರು ಒಂದ್ಕಿತ ಅವರ ಕಿವಿಗೆ ಬೀಳೋ ಹಂಗೆ ಅನ್ನಿ. ದಾಸಪ್ಪ ಅಂತ. ಅಷ್ಟೇಯ."

"ಅದೇನು ದೊಡ್ಡ ವಿಷ್ಯ ಬುಡು. ಹೇಳ್ತೀನಿ."

"ಕೋಣೆ ಕೊಡ್ತಾರಂತಲ್ಲ ಸಾಮಿ, ದಿಟವಾ?" ಒಳಗಿನಿಂದ ಮಂಗಮ್ಮ ಕೇಳಿದಳು. ಅವಳ ಗಂಟು ಇನ್ನೂ ಬಿಚ್ಚಿರಲಿಲ್ಲ. ಅದು ಬಾಗಿಲ ಪಕ್ಕದಲ್ಲಿ, ಮುಂದಿನ ಪಯಣಕ್ಕೆ ಎದ್ದು ಕೂತಂತಿತ್ತು.

"ದಿಟ" ಎಂದ ಚೆನ್ನಕೇಶವ. ಹಿಂತಿರುಗಿ ಬರುವಾಗ ತಾನು ಒಳ್ಳೆಯವನೆಂಬ ಭಾವನೆ ಅವನಿಗೆ ಬಹಳ ಹಿತವಾಗಿತ್ತು. ಹೊಸ ಚಪ್ಪಲಿ ಹಾಕಿಕೊಂಡವನಂತೆ ನಡೆದ.

ತೊಡಕು ಬಂದದ್ದು ಗಾಳಿಯಿಂದ. ಆಷಾಢದ ಗಾಳಿಗೆ ಕ್ಯಾಪ್ಟನ್ನರ ಶೆಡ್ಡಿನ ತಗಡು ಹಾರಿ ಹೋಗಿ, ಬಾಲದ ಗಾಡಿಯನ್ನು ಚೆನ್ನಕೇಶವನ ಮನೆಯ ಹಿತ್ತಿಲಿಗೆ ತಳ್ಳಿಕೊಂಡು ಬರಬೇಕಾಯಿತು. ಹಿತ್ತಿಲಿಗೆ ಸುತ್ತ ಕಲ್ಲುಚಪ್ಪಡಿಯ ಬೇಲಿ, ಒಳಗೆ ತುಳಸಿ, ಬಾವಿ, ಅವನ ತಾಯಿ ಅಂಜಮ್ಮ. ನಾಲ್ಕರಲ್ಲಿ ಯಾವುದನ್ನೂ ದಾಸಪ್ಪ ದಾಟಿ ಬರುವಂತಿರಲಿಲ್ಲ. ಅಂಜಮ್ಮನಿಗೆ ಕಣ್ಣು ಮಂಜಾಗಿದ್ದರೂ ಬೇಲಿ ಚೆನ್ನಾಗಿ ಕಾಣುತ್ತಿತ್ತು. "ಲೋ ಕೇಸವ, ಆ ಗಾಡಿ ಏನಾರ ಆಗ್ಲಿ, ಅವ್ನು ಮಾತ್ರ ಕಲ್ಲು ದಾಟಿ ಒಳಿಕ್ ಬಂದ್ರೆ ನಾನು ಇವತ್ತೇ ನಿಮ್ಮಕ್ಕನ ಮನೆಗೆ ಹೋಗ್ಬುಡ್ತೀನಿ ಕಣ್ಲಾ" ಎಂದಳು. ಅಕ್ಕನ ಮನೆಗೆ ಹೋಗುವ ಬೆದರಿಕೆ ಅವಳು ಇಪ್ಪತ್ತು ವರ್ಷದಿಂದ ಹಾಕುತ್ತಿದ್ದಳು. ಹೋಗಿಬಿಡಲಿ ಎಂದು ಅವನಿಗೂ ಇಪ್ಪತ್ತು ವರ್ಷದಿಂದ ಅನ್ನಿಸುತ್ತಿತ್ತು. ಆದರೆ ಬೇಲಿಯ ವಿಷಯದಲ್ಲಿ ತಾಯಿಯ ಮಾತಿನ ಹಿಂದೆ ಅಡಗಿಕೊಳ್ಳುವುದು ಅನುಕೂಲವಾಗಿತ್ತು. ತನಗೆ ಅದರಲ್ಲಿ ನಂಬಿಕೆಯಿಲ್ಲ, ವಯಸ್ಸಾದವರು, ಏನು ಮಾಡುವುದು ಎಂದುಕೊಂಡ. ತಾಯಿ ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಬೀದಿಯ ರಾಮಕ್ಕನ ಮನೆಗೆ ಹೋಗಿದ್ದ ದಿನವೂ ಅವನು ದಾಸಪ್ಪನನ್ನು ಒಳಗೆ ಕರೆಯಲಿಲ್ಲವೆಂಬುದನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ.

ಹಾಗಾಗಿ ಕೆಲಸ ಹೀಗೆ ಹಂಚಿಕೆಯಾಯಿತು. ದಾಸಪ್ಪ ಬೇಲಿಯ ಹೊರಗೆ ಮೂರು ಕಲ್ಲು ಹೂಡಿ, ಕುಟ್ಟಿದ ರಾಳವನ್ನು ಹರಳೆಣ್ಣೆಯಲ್ಲಿ ಕಾಯಿಸಿ, ಡಾಂಬರು ಬೆರೆಸಿ, ಮಡಕೆಯನ್ನು ಚಪ್ಪಡಿಯ ಪಕ್ಕದಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುವುದು. ಚೆನ್ನಕೇಶವ ಬಂದು ಮಡಕೆ ಎತ್ತಿಕೊಂಡು ಗಾಡಿಯ ಅಡಿಗೆ ತೆವಳುವುದು. ದಾಸಪ್ಪ ಎರಡು ಚಪ್ಪಡಿಗಳ ನಡುವಿನ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅಡಿಯನ್ನು ಬಗ್ಗಿ ನೋಡುತ್ತಾ ಹೇಳುವುದು, ಇವನು ಮಾಡುವುದು. ಗೋಣಿತಟ್ಟಿನ ಪಟ್ಟಿಗಳನ್ನು ಬಿಸಿ ರಾಳದಲ್ಲಿ ಅದ್ದಿ ಹಲಗೆಯ ಪ್ರತಿ ಸಂದಿಗೂ ಒತ್ತಬೇಕು, ತಣ್ಣಗಾಗಿ ಇನ್ನೂ ಅಂಟು ಇರುವಾಗಲೇ ಮೇಲೊಂದು ಪದರ ಬಳಿಯಬೇಕು, ಗಾಳಿಗುಳ್ಳೆ ಕಂಡರೆ ಒಡೆದು ಮತ್ತೆ ಮೆತ್ತಬೇಕು.

"ಎಡಗಡೆ ಸಾಮಿ. ನಿಮ್ಮ ಎಡಗಡೆ ಅಲ್ಲ, ಗಾಡಿ ಎಡಗಡೆ."

"ಗಾಡಿಗೆ ಯಾವ್ದಯ್ಯ ಎಡ?"

"ಎತ್ತು ಇದ್ದಿದ್ರೆ ಎಡದ ಎತ್ತು ಯಾವ ಕಡೆ ಇರ್ತಿತ್ತೋ ಆ ಕಡೆ."

ಅಂಗಾತ ಮಲಗಿದವನಿಗೆ ಎತ್ತನ್ನು ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಬಿಸಿ ಹನಿಯೊಂದು ಹುಬ್ಬಿನ ಮೇಲೆ ಬಿತ್ತು. ಕಣ್ಣಿಗೆ ಬೀಳಬಹುದಿತ್ತು, ಬಿದ್ದಿದ್ದರೆ ಚೆನ್ನಾಗಿತ್ತೇನೋ, ಎಲ್ಲರೂ ಅಯ್ಯೋ ಎನ್ನುತ್ತಿದ್ದರು, ಎಂದುಕೊಂಡ. ಅಡಿಯಿಂದ ನೋಡಿದರೆ ಮನೆಯವರಿಗೆ ಮುಖವಿರುವುದಿಲ್ಲ, ಪಾದ ಮಾತ್ರ. ತಾಯಿಯ ಒಡೆದ ಹಿಮ್ಮಡಿ ತುಳಸಿಯನ್ನು ಸುತ್ತಿ ಹೋಯಿತು. ಹೆಂಡತಿ ಪಾರ್ವತಮ್ಮನ ಕಾಲುಂಗುರದ ಬೆರಳುಗಳು ಬಾವಿಯ ಹತ್ತಿರ ನಿಂತು ಇತ್ತ ತಿರುಗಿ, ಮತ್ತೆ ಅತ್ತ ತಿರುಗಿದವು. ಹದಿನಾರು ವರ್ಷ ಸಂಸಾರ ಮಾಡಿಯೂ ಅವಳ ಎಡಗಾಲ ಕಿರುಬೆರಳು ಅಷ್ಟು ಸೊಟ್ಟಗಿರುವುದನ್ನು ಅವನು ನೋಡಿರಲಿಲ್ಲ. ಅಪ್ಪನ ಪಾದ ಹೇಗಿತ್ತು? ಮೆತ್ತಗೆ, ಬೆಳ್ಳಗೆ, ಮಣ್ಣು ಮುಟ್ಟದ ಪಾದ. ಅಪ್ಪ ನಾರಾಯಣಪ್ಪ ಜಗಲಿಯ ಮೇಲೆ ಕಂಬಕ್ಕೆ ಒರಗಿ, ಬಂದವರಿಗೆ ಹೇಳುತ್ತಿದ್ದ: ಈ ಬಾವಿ ನಾವು ತೋಡಿದ್ದು, ಆ ಹೊಲ ನಾವು ಸಮ ಮಾಡಿದ್ದು, ಈ ಕಲ್ಲುಚಪ್ಪಡಿ ನಾವು ನೆಟ್ಟಿದ್ದು. ಅಪ್ಪ ಸಾಯುವ ತನಕ ಗುದ್ದಲಿ ಹಿಡಿದದ್ದನ್ನು ಕಂಡವರಿಲ್ಲ. ಬಾವಿ ತೋಡುವಾಗ ಮಣ್ಣು ಕುಸಿದು ಒಬ್ಬನ ಸೊಂಟ ಮುರಿದಿತ್ತು. ಅವನ ಹೆಸರೇನೆಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ ಬಹಳ ಹೊತ್ತು ಯೋಚಿಸಿ, ಯಾರೋ ನಮ್ಮವನೇ ಎಂದಿದ್ದ. ನಮ್ಮವನೇ ಎನ್ನುವಾಗ ಅಪ್ಪನ ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ಅದೇ ಅವನಿಗೆ ಈಗ, ರಾಳದ ಹೊಗೆಯಲ್ಲಿ, ಅಸಹ್ಯವಾಗಿ ನೆನಪಾಯಿತು. ತಾನಾದರೋ ತನ್ನ ಕೈಯಿಂದಲೇ ಮಾಡುತ್ತಿದ್ದೇನೆ, ಅಪ್ಪನ ಹಾಗಲ್ಲ, ಎಂಬ ಸಮಾಧಾನವೂ ಹಿಂದೆಯೇ ಬಂದಿತು. ಆ ಸಮಾಧಾನ ಎಷ್ಟು ಸಲೀಸಾಗಿ ಬಂದಿತೆಂದರೆ, ಅದನ್ನು ಸ್ವಲ್ಪ ಅನುಮಾನದಿಂದ ನೋಡಬೇಕಾಗಿತ್ತು.

ಮೂರನೆಯ ದಿನ ಮುನಿವೆಂಕಟಪ್ಪ ತಾನು ಕಟ್ಟಿದ ಗಾಡಿಯನ್ನು ಏನು ಮಾಡುತ್ತಿದ್ದಾರೆಂದು ನೋಡಲು ಬಂದ. ಬಗ್ಗಿ ನೋಡಿದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ಲಾ ಕೇಸವ, ಬಾಣಂತಿ ಮಲಗ್ದಂಗೆ ಮಲಗಿದ್ದೀಯ? ಗಾಡಿ ಮರಿ ಹಾಕೈತಾ?"

"ಕೆಲ್ಸ ಮಾಡ್ತಿದೀನಿ ಕಣಣ್ಣ."

"ಕಾಣ್ತೈತೆ ಬುಡು. ಗುಮಾಸ್ತ ಅಡೀಲಿ, ಅವ್ನು ಕೂತ್ಕಂಡು ಹುಕುಂ ಮಾಡ್ತಾವ್ನೆ. ದಾಸಪ್ಪಾ, ನಿನ್ ಕಾಲ ಬಂತು ಕಣಪ್ಪ! ಸೊರಾಜ್ಯ ಡೆಲ್ಲಿಗಿಂತ ಮುಂಚೆ ನಮ್ ಮತ್ತಿಗಿರಿಗೇ ಬಂದ್ಬುಡ್ತು!"

ದಾಸಪ್ಪ ನಗಲಿಲ್ಲ. "ನಂದೇನೈತೆ ಅಣ್ಣ. ಸಾಮೇರು ಚೆನ್ನಾಗೇ ಒತ್ತಾವ್ರೆ" ಎಂದ. ಚೆನ್ನಾಗೇ ಎಂಬ ಮಾತು ಚೆನ್ನಕೇಶವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಯಾರಿಗೆ ಯಾರು ಸರ್ಟಿಫಿಕೇಟು ಕೊಡುವುದು? ಹೈಸ್ಕೂಲಿನಲ್ಲಿ ಅಯ್ಯಂಗಾರ್ ಮೇಷ್ಟ್ರು ಇವನ ತಮಿಳು ಉಚ್ಚಾರಕ್ಕೆ ತರಗತಿಯನ್ನೆಲ್ಲ ನಗಿಸಿ, ಪರವಾಗಿಲ್ಲ, ಮತ್ತಿಗಿರಿಗೆ ಇದೇ ಚೆನ್ನಾಗಿದೆ ಎಂದಿದ್ದರು. ಕ್ಯಾಪ್ಟನ್ನರು ಅತಿಥಿಗಳ ಎದುರು ಮಿಸ್ಟರ್ ಕೇಶವ ಎಂದು ಕರೆದು, ಅವರು ಹೋದ ಮೇಲೆ ಏಯ್ ಎನ್ನುತ್ತಿದ್ದರು. ಇಷ್ಟೆಲ್ಲದರ ಕೆಳಗೆ, ಇನ್ನೂ ಕೆಳಗೆ, ಈಗ ದಾಸಪ್ಪನ ಮೆಚ್ಚುಗೆಯೊಂದು ಉಳಿದಿತ್ತು. ಅದೂ ಬಂದಾಯಿತು. ಅದಕ್ಕಿಂತ ಅವಮಾನವಾದದ್ದು ಆ ಮೆಚ್ಚುಗೆಯಿಂದ ಒಳಗೊಳಗೆ ಖುಷಿಯಾದದ್ದು.

ಸಂಜೆ ಅಚ್ಚಿನ ಪಕ್ಕದ ಮೂಲೆ ಮಾತ್ರ ಉಳಿಯಿತು. ಅಲ್ಲಿ ಹಲಗೆ, ಕಬ್ಬಿಣ, ಮರದ ತೊಲೆ ಮೂರೂ ಕೂಡುತ್ತವೆ. ದಾಸಪ್ಪ ಎಷ್ಟು ಬಗ್ಗಿದರೂ ಅವನಿಗೆ ಕಾಣಲಿಲ್ಲ.

"ಹೆಬ್ಬೆಟ್ಟಲ್ಲಿ ಒತ್ತಿ ನೋಡಿ ಸಾಮಿ. ಒಳಗೆ ಟೊಳ್ಳಿದ್ರೆ ಹೆಬ್ಬೆಟ್ಟಿಗೆ ಗೊತ್ತಾಯ್ತದೆ."

ಚೆನ್ನಕೇಶವ ಒತ್ತಿದ. ಹೆಬ್ಬೆಟ್ಟಿಗೆ ಏನೂ ಗೊತ್ತಾಗಲಿಲ್ಲ. ಅದು ಪೆನ್ನು ಹಿಡಿದ ಹೆಬ್ಬೆಟ್ಟು. "ಗಟ್ಟಿಯಾಗೇ ಐತೆ" ಎಂದ.

"ಗಟ್ಟಿ ಅಂದ್ರೆ ಹೆಂಗೆ ಗಟ್ಟಿ? ಕಲ್ಲಿನಂಗಾ, ಕರೂನ ಕೊಂಬಿನ ಬುಡದಂಗಾ?"

ಕರುವಿನ ಕೊಂಬಿನ ಬುಡ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮತ್ತೆ ಒತ್ತಿದ.

"ಸಾಮಿ, ಒಂದೇ ಒಂದ್ ಗಳಿಗೆ ಒಳಿಕ್ ಬರ್ಲಾ? ಅಮ್ಮಾರು ಇಲ್ಲ. ನಾನು ಒಂದ್ಕಿತ ತಡವಿದ್ರೆ ತಿಳೀತದೆ. ಹಲಗೆ ಮುಟ್ಟಾಕಿಲ್ಲ, ರಾಳ ಮಾತ್ರ ಮುಟ್ತೀನಿ. ರಾಳ ನಂದೇ ಅಲ್ವಾ?"

ಗಾಡಿಯ ಅಡಿಯಲ್ಲಿ ಚೆನ್ನಕೇಶವನ ಹೆಬ್ಬೆಟ್ಟು ರಾಳದ ಮೇಲೇ ನಿಂತಿತು. ರಾಳ ನಂದೇ ಅಲ್ವಾ? ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಕೆಲಸ ಗೊತ್ತಿದ್ದವನ ಅವಸರವಿತ್ತು. ಬಾ ಎಂದರೆ ಆಗಿಹೋಗುತ್ತಿತ್ತು. ತಾಯಿ ಇಲ್ಲ. ಪಾರ್ವತಮ್ಮ ನೋಡಿದರೂ ನೋಡದಂತೆ ತಿರುಗುತ್ತಾಳೆ. ಬಾ ಎನ್ನಲು ಬಾಯಿ ತೆರೆದನೆಂದೇ ಅವನು ಆಮೇಲೆ ನೆನಪು ಮಾಡಿಕೊಳ್ಳುತ್ತಿದ್ದ. ಆದರೆ ಅವನು ಮಾಡಿದ್ದು ಕೇಳಿಸಲಿಲ್ಲವೆಂಬಂತೆ ಮಡಕೆಯನ್ನು ಸದ್ದು ಮಾಡಿ ಸರಿಸಿದ್ದು. ಕೊನೆಗೆ ದಾಸಪ್ಪನೇ, "ಹೋಗ್ಲಿ ಬುಡಿ. ಇನ್ನೆರಡು ಪಟ್ಟಿ ಅಡ್ಡಡ್ಡ ಮೆತ್ತಿ. ಟೊಳ್ಳಿದ್ರೂ ಮುಚ್ಕೊಂಡ್ ಹೋಯ್ತದೆ" ಎಂದ. ಚೆನ್ನಕೇಶವ ನಾಲ್ಕು ಪಟ್ಟಿ ಮೆತ್ತಿದ.

ಆ ದಿನಗಳಲ್ಲಿ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ರಾಳದ ವಾಸನೆ ಮೈಬಿಟ್ಟು ಹೋಗಲಿಲ್ಲ. ಸೀಗೆಪುಡಿ ತಿಕ್ಕಿದ, ಬೂದಿ ತಿಕ್ಕಿದ, ಸೀಮೆಎಣ್ಣೆ ಒರೆಸಿದ. ಮೊಣಕೈವರೆಗಿನ ಕಪ್ಪು ಕಪ್ಪಾಗಿಯೇ ಉಳಿಯಿತು. ಅಂಜಮ್ಮ ಮೂಗಿಗೆ ಸೆರಗು ಇಟ್ಟುಕೊಂಡು, "ಅವ್ನು ಕಾಸಿದ್ದು ಮೈಗೆಲ್ಲ ಬಳ್ಕೊಂಡು ಒಲೆ ಹತ್ರ ಬರ್ಬೇಡ ಕಣಪ್ಪ, ಜಗಲೀಲೇ ಉಣ್ಣು" ಎಂದಳು. ಪಾರ್ವತಮ್ಮ ಮುತ್ತುಗದ ಎಲೆ ಹಾಸಿದಳು. ತಾಯಿ ಬಂದು, ಸೊಂಟ ಬಗ್ಗಿಸದೆ, ಮೇಲಿನಿಂದ ಮುದ್ದೆಯನ್ನು ಎಲೆಯ ಮೇಲೆ ಬೀಳಿಸಿದಳು. ಅದು ಬಿದ್ದ ಸದ್ದಿಗೆ ಅವನು ತಲೆ ಎತ್ತಿ ನೋಡಿದ. ಅವಳ ಮುಖದಲ್ಲಿ ಕೋಪವಿರಲಿಲ್ಲ, ಅಭ್ಯಾಸವಿತ್ತು. ಕೇರಿಯವರಿಗೆ ಹಬ್ಬದ ದಿನ ಬಡಿಸುವಾಗ ಇರುವಂಥ ಒಂದು ದಯೆಯೂ ಇತ್ತು. ನಾಲ್ಕು ದಿನ ಹಾಗೆ ಉಂಡ. ಈ ನಾಲ್ಕು ದಿನದಿಂದ ಅವನಿಗೆ ದಾಸಪ್ಪನ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ದ್ವೇಷ. ಇವನಿಂದಲೇ ತನಗೆ ಹೀಗಾದದ್ದು ಎಂದುಕೊಂಡ. ಇವನು ತನ್ನ ವಿದ್ಯೆಯನ್ನು ನನಗೆ ಅಂಟಿಸಿ, ತಾನು ಮಾತ್ರ ಬೇಲಿಯ ಆಚೆ ಶುಭ್ರವಾಗಿ ಕೂತಿದ್ದಾನೆ.

ಹತ್ತನೆಯ ದಿನ ಕ್ಯಾಪ್ಟನ್ನರು ಬಂದರು. ಕೂಡಲೇ ಪರೀಕ್ಷೆ ಎಂದರು. ಗಾಡಿಯನ್ನು ಜೀಪಿನಿಂದ ಹಿಂದಕ್ಕೆ ನೂಕಿ, ಊರ ಕೆರೆಯ ಇಳಿಜಾರಿನಲ್ಲಿ ಹೊಟ್ಟೆ ನಾಲ್ಕು ಬೆರಳು ಮುಳುಗುವವರೆಗೆ ಇಳಿಸಿದರು. ಒಳಗೆ ಹಲಗೆಯ ಮೇಲೆ ಇಂಗ್ಲಿಷ್ ಪೇಪರು ಹಾಸಿದರು. ಎಲ್ಲಿ ನೆನೆಯುತ್ತದೋ ಅಲ್ಲಿ ಸೋರಿಕೆ. ಗಾಡಿ ತೇಲಿಕೊಂಡು ಹೋಗದಿರಲೆಂದು ಮುನಿವೆಂಕಟಪ್ಪನನ್ನೂ ಇನ್ನು ಮೂವರನ್ನೂ ಒಳಗೆ ಕೂರಿಸಿದರು. ಅವರು ಕಿಟಕಿಯಿಂದ ತಲೆ ಹಾಕಿ, ನಾವು ರಾಮೇಶ್ವರಕ್ಕೆ ಹೋಗಿ ಬತ್ತೀವಿ, ಮನೇಲಿ ಹೇಳ್ಬುಡಿ ಎಂದು ಏರಿಯ ಮೇಲಿದ್ದವರನ್ನೆಲ್ಲ ನಗಿಸಿದರು. ದಾಸಪ್ಪ ಜನರಿಂದ ಸ್ವಲ್ಪ ದೂರದಲ್ಲಿ, ಹುಣಿಸೆಮರದ ಕೆಳಗೆ ನಿಂತಿದ್ದ. ಒಗೆದ ಪಂಚೆ ಉಟ್ಟಿದ್ದ. ಮಂಗಮ್ಮ ಇನ್ನೂ ಹಿಂದೆ ಇದ್ದಳು. ಅವಳು ಕಂಕುಳಲ್ಲಿ ಗಂಟನ್ನು ಇಟ್ಟುಕೊಂಡೇ ಬಂದಿರುವುದನ್ನು ಕಂಡು ಚೆನ್ನಕೇಶವ ನೀರಿನ ಕಡೆ ಮುಖ ತಿರುಗಿಸಿದ. ಸೋರಲಿ ಎಂದು ಅವನ ಮನಸ್ಸು ಇದ್ದಕ್ಕಿದ್ದಂತೆ ಹಾರೈಸಿತು. ಸೋರಿದರೆ ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಅಥವಾ ದಾಸಪ್ಪನ ಹೆಸರನ್ನು ಧಾರಾಳವಾಗಿ ಹೇಳಬಹುದು.

ಅರ್ಧ ಗಂಟೆಯ ಮೇಲೆ ಕ್ಯಾಪ್ಟನ್ನರು ಪ್ಯಾಂಟು ಮಡಿಸಿಕೊಂಡು ಒಳಗೆ ಹೋಗಿ, ಪೇಪರನ್ನು ಎತ್ತಿ ತಂದರು. ಒಣಗಿತ್ತು. ಅಚ್ಚಿನ ಪಕ್ಕದ ಮೂಲೆಯದೂ ಒಣಗಿತ್ತು. ಅದನ್ನು ಎಲ್ಲರಿಗೂ ಪಟಪಟ ಬಡಿದು ತೋರಿಸಿದರು.

"ಶಭಾಷ್! ಒಂದು ಹನಿ ಇಲ್ಲ! ಯಾರು ಮಾಡಿದ್ದು ಇದು? ಸೊಲ್ಲಪ್ಪಾ, ಹೇಳು, ಯಾರು?"

ಚೆನ್ನಕೇಶವನ ನಾಲಗೆಯ ಮೇಲೆ ಹೆಸರು ಇತ್ತು. ಮೂರು ಅಕ್ಷರ, ಹತ್ತು ದಿನದಿಂದ ಅಲ್ಲೇ ಇತ್ತು. ಅಷ್ಟರಲ್ಲಿ ಮುನಿವೆಂಕಟಪ್ಪ ಕಿಟಕಿಯಿಂದ, "ಇನ್ಯಾರು ದೊರೆ, ನಮ್ ಗುಮಾಸ್ತ! ದಿನಗಟ್ಲೆ ಅಡೀಲಿ ಬಿದ್ಕಂಡಿದ್ನಲ್ಲ. ಕೈ ನೋಡಿ ಬೇಕಾದ್ರೆ" ಎಂದ. ಕ್ಯಾಪ್ಟನ್ನರು ಅವನ ಕೈ ಹಿಡಿದೆಳೆದು ನೋಡಿದರು. ಮೊಣಕೈವರೆಗೂ ಕಪ್ಪು. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೂ ಬೇಕಿರಲಿಲ್ಲ. ನೀನೇನಾ? ಎಂದು ಕೇಳಿದರು. ಅವರು ಅವನನ್ನು ಹಾಗೆ, ಮುಖ ನೋಡಿ, ಕೈ ಹಿಡಿದು, ಎಂದೂ ಏನನ್ನೂ ಕೇಳಿರಲಿಲ್ಲ. ನಿಜವಾಗಿ ಯೋಚಿಸಿದರೆ ಸುಳ್ಳೇನಿದೆ? ಬೇರೆ ಯಾರ ಬೆರಳೂ ಆ ತಳವನ್ನು ಮುಟ್ಟಿಲ್ಲ. ಮುಟ್ಟಲು ಬಿಟ್ಟಿಲ್ಲ. ಅಪ್ಪ ಬದುಕಿನುದ್ದಕ್ಕೂ ಹೇಳಿದ್ದು ಸುಳ್ಳು. ಇವನು ಹೇಳಬೇಕಾದ್ದು ಅಕ್ಷರಶಃ ನಿಜ. ಇಷ್ಟು ನಿಜವಾದ ಮಾತು ಬಾಯಲ್ಲಿ ಇಷ್ಟು ಕಹಿಯಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ನಾನೇ ಸಾರ್" ಎಂದ.

ಕ್ಯಾಪ್ಟನ್ನರು ಅವನ ಬೆನ್ನು ತಟ್ಟಿದರು. ಹುಣಿಸೆಮರದ ಕೆಳಗೆ ದಾಸಪ್ಪನಿಗೆ ಮಾತು ಕೇಳಿಸುವಂತಿರಲಿಲ್ಲ, ತಟ್ಟಿದ್ದು ಕಂಡಿತು. ಹೆಸರು ಕಿವಿಗೆ ಬಿದ್ದಾಯಿತೆಂದುಕೊಂಡನೋ ಏನೋ, ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಡು ಬಗ್ಗಿಸಿ, ದೂರದಿಂದಲೇ ಕೈಮುಗಿದ. ಮಂಗಮ್ಮನೂ ಮುಗಿದಳು.

"ಅದು ಯಾರು?" ಕ್ಯಾಪ್ಟನ್ನರು ಕೇಳಿದರು.

"ನಾಟ್ರಾಂಪಾಳ್ಯದ ಕಡೆಯವನು ಸಾರ್."

"ಏನು ಬೇಕಂತೆ?"

"ಏನೂ ಇಲ್ಲ ಸಾರ್. ನೋಡೋಕ್ ಬಂದಿದ್ದಾನೆ."

ಕ್ಯಾಪ್ಟನ್ನರು ಮಿಲಿಟರಿಯವರಂತೆ ಹಣೆಗೆ ಎರಡು ಬೆರಳು ಮುಟ್ಟಿಸಿ ಅತ್ತ ಒಂದು ಸಲಾಮು ಹಾಕಿದರು. ಅವರು ಎಲ್ಲರಿಗೂ ಹಾಕುತ್ತಿದ್ದರು. ಆಮೇಲೆ ಚೆನ್ನಕೇಶವನ ಕಡೆ ತಿರುಗಿ, "ನಾನು ಇದಕ್ಕೆ ಬೇರೆ ಆಳು ಇಡೋಣ ಅಂತಿದ್ದೆ. ರೆಜಿಮೆಂಟಿನಲ್ಲಿ ದೋಣಿ ಕೆಲಸಕ್ಕೆ ಎಂಥೆಂಥ ಜಾತಿಯವರು ಇದ್ದರು ಗೊತ್ತಾ, ಬಂಗಾರದಂಥ ಕೈ. ಅಂಥವನೊಬ್ಬ ಸಿಕ್ಕರೆ ಅಂತ. ಶರಿ, ನೀನೇ ಇರುವಾಗ ಇನ್ನೊಬ್ಬ ಯಾಕೆ? ಪ್ರತಿ ಸವಾರಿ ಮುಗಿದ ಮೇಲೂ ಅಡಿಗೆ ಹೋಗಿ ನೋಡಿಬಿಡು. ಖಾಕಿ ಅಂಗಿ ಹೊಲಿಸಿಕೋ" ಎಂದರು.

ಜೀಪು ಹೊರಟಿತು. ಗಾಡಿ ನೀರಿನಿಂದ ಮೇಲೆದ್ದು, ಹೊಟ್ಟೆಯಿಂದ ಹನಿ ತೊಟ್ಟಿಕ್ಕಿಸುತ್ತಾ ಹಿಂದೆ ಹೋಯಿತು. ಜನ ಕರಗಿದರು. ಚೆನ್ನಕೇಶವ ಏರಿಯ ಇನ್ನೊಂದು ತುದಿಯಿಂದ, ಸುತ್ತು ದಾರಿಯಲ್ಲಿ ಮನೆಗೆ ಹೋದ. ದಾಸಪ್ಪ ಕ್ಯಾಪ್ಟನ್ನರ ಶೆಡ್ಡಿನ ಹತ್ತಿರ ಎರಡು ದಿನ ಕಾದ. ಮೂರನೆಯ ದಿನ ಅವನೂ ಮಂಗಮ್ಮನೂ ಅಂಚೆಟ್ಟಿಯ ದಾರಿ ಹಿಡಿದರೆಂದು ಮುನಿವೆಂಕಟಪ್ಪ ಹೇಳಿದ.

ಗಾಡಿಯ ಆಳಿನ ಕೆಲಸ ರದ್ದಾಯಿತು. ಮುಂದಿನ ಆರು ವರ್ಷ ಅದರ ತಳಕ್ಕೆ ರಾಳ ಮೆತ್ತಿದವನು ಚೆನ್ನಕೇಶವ.